ಮಂಕಾದ ಫೋಟೊ ಅಳಿಸಬೇಡಿ, ತಿದ್ದಿ ನೋಡಿ

ಹಂಪಿಯ ವಿಜಯವಿಠ್ಠಲ ದೇವಾಲಯಕ್ಕೆ ಬಹಳಷ್ಟು ಪ್ರವಾಸಿಗರು ಬಂದು ಸೇರುವ ಹೊತ್ತಿಗೆ ಬಿಸಿಲು ನೆತ್ತಿಗೇರಿರುತ್ತದೆ. ಮನೆಮಂದಿಯನ್ನೆಲ್ಲ ಕಲ್ಲಿನ ರಥದ ಮುಂದೆ ನಿಲ್ಲಿಸಿ ಫೋಟೊ ತೆಗೆದು, ಕೋಣೆಗೆ ಮರಳಿ ನೋಡಿದರೆ ನಿರಾಶೆ ಕಾದಿರುತ್ತದೆ: ಆಕಾಶ ಬಿಳಿಚಿಕೊಂಡಿದೆ, ಮುಖಗಳು ಕಪ್ಪಿಟ್ಟಿವೆ, ರಥ ಒಂದು ಮಗ್ಗುಲಿಗೆ ವಾಲಿದೆ. ಹೊಸದಾಗಿ ಕ್ಯಾಮೆರಾ ಹಿಡಿದವರು ಇಂತಹ ಚಿತ್ರಗಳನ್ನು ಅಲ್ಲೇ ಅಳಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನದನ್ನು ಉಳಿಸಿಕೊಳ್ಳಬಹುದು ಎಂಬುದು ನನ್ನ ನಂಬಿಕೆ.

ಮೊದಲು ಕಾರಣ ತಿಳಿಯೋಣ. ನಮ್ಮ ಕಣ್ಣು ಬಿಸಿಲು ಮತ್ತು ನೆರಳು ಎರಡಕ್ಕೂ ಹೊಂದಿಕೊಳ್ಳುತ್ತದೆ. ಕ್ಯಾಮೆರಾಕ್ಕೆ ಅಷ್ಟು ಶಕ್ತಿಯಿಲ್ಲ. ಅದು ದೃಶ್ಯದ ಬೆಳಕನ್ನು ಅಳೆದು ಒಂದು ಸರಾಸರಿಗೆ ಬರುತ್ತದೆ. ಚೌಕಟ್ಟಿನ ತುಂಬ ಹೊಳೆಯುವ ಆಕಾಶವಿದ್ದರೆ ಬೆಳಕು ಜಾಸ್ತಿಯಾಯಿತೆಂದು ಲೆಕ್ಕ ಹಾಕಿ ಎಲ್ಲವನ್ನೂ ಕಪ್ಪಾಗಿಸುತ್ತದೆ. ಆದರೆ ಆ ಕತ್ತಲೆಯೊಳಗೆ ಮುಖದ ವಿವರಗಳು ಅಡಗಿಯೇ ಇರುತ್ತವೆ. ಫಿಲ್ಮ್ ಕಾಲದ ಛಾಯಾಗ್ರಾಹಕರೂ ಕತ್ತಲೆ ಕೋಣೆಯಲ್ಲಿ ಇದೇ ಕೆಲಸ ಮಾಡುತ್ತಿದ್ದರು. ಮುದ್ರಿಸುವಾಗ ಒಂದು ಭಾಗಕ್ಕೆ ಕೈ ಅಡ್ಡ ಹಿಡಿದು ಅದನ್ನು ತಿಳಿಯಾಗಿಸುತ್ತಿದ್ದರು, ಇನ್ನೊಂದು ಭಾಗಕ್ಕೆ ಹೆಚ್ಚು ಬೆಳಕು ಬಿಟ್ಟು ಗಾಢಗೊಳಿಸುತ್ತಿದ್ದರು. ಫೋಟೊಶಾಪ್ ಮತ್ತು ಗಿಂಪ್‌ನಲ್ಲಿರುವ ಡಾಡ್ಜ್, ಬರ್ನ್ ಉಪಕರಣಗಳು ಅಲ್ಲಿಂದಲೇ ಬಂದವು. ತಿದ್ದುವುದೆಂದರೆ ಮೋಸ ಎಂಬ ಅಳುಕನ್ನು ಬಿಟ್ಟುಬಿಡಿ.

ಸಿದ್ಧತೆ

ಮೊಬೈಲ್‌ನಲ್ಲಾದರೆ ಉಚಿತವಾಗಿ ಸಿಗುವ ಸ್ನ್ಯಾಪ್‌ಸೀಡ್ ಅಥವಾ ಲೈಟ್‌ರೂಮ್ ಸಾಕು. ಕಂಪ್ಯೂಟರ್‌ನಲ್ಲಿ ಗಿಂಪ್ ಕೂಡ ಉಚಿತ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಪ್ರತಿಯನ್ನು ತಿದ್ದಲು ಕೂರಬೇಡಿ. ಅದು ಕುಗ್ಗಿಸಿದ ಚಿತ್ರ. ತೆಗೆದವರಿಂದ ಮೂಲ ಫೈಲ್ ಕೇಳಿ ಪಡೆಯಿರಿ.

ನಿಮ್ಮ ಕ್ಯಾಮೆರಾದಲ್ಲಿ ರಾ ಫೈಲ್, ಅಂದರೆ ಸೆರೆಹಿಡಿದ ಬೆಳಕಿನ ಮಾಹಿತಿಯನ್ನು ಕುಗ್ಗಿಸಿ ಚಿತ್ರವಾಗಿಸುವ ಮೊದಲಿನ ಕಚ್ಚಾ ಫೈಲ್ ಉಳಿಸುವ ಸೌಲಭ್ಯವಿದ್ದರೆ ಮುಂದಿನ ಪ್ರವಾಸದಿಂದಲೇ ಅದನ್ನು ಬಳಸಿ. ಸಾಮಾನ್ಯ ಜೆಪೆಗ್ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ ಕಪ್ಪಿನಿಂದ ಪೂರ್ಣ ಹೊಳಪಿನವರೆಗೆ 256 ಹಂತಗಳಿರುತ್ತವೆ. 12 ಬಿಟ್ ರಾ ಫೈಲ್‌ನಲ್ಲಿ 4,096, 14 ಬಿಟ್‌ನಲ್ಲಿ 16,384. ಕತ್ತಲೆಯಿಂದ ಮುಖವನ್ನು ಮೇಲೆತ್ತುವಾಗ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಮೊದಲು ನೇರವಾಗಿಸಿ, ಆಮೇಲೆ ಕತ್ತರಿಸಿ

ವಾಲಿದ ಚಿತ್ರವನ್ನು ರೊಟೇಟ್ ಉಪಕರಣದಿಂದ ನೇರ ಮಾಡಿ. ಕಂಬ ಅಥವಾ ಕೆರೆಯ ನೀರಿನ ಅಂಚನ್ನು ಆಧಾರವಾಗಿಟ್ಟುಕೊಳ್ಳಿ. ಗೋಪುರವನ್ನು ಕೆಳಗಿನಿಂದ ತೆಗೆದಾಗ ಅದು ಹಿಂದಕ್ಕೆ ಬಾಗಿದಂತೆ ಕಂಡರೆ ಪರ್ಸ್‌ಪೆಕ್ಟಿವ್ ಉಪಕರಣವಿದೆ. ಪೂರ್ತಿ ನೆಟ್ಟಗೆ ಮಾಡಲು ಹೋಗದೆ ಸ್ವಲ್ಪ ಬಾಗು ಉಳಿಸಿ, ಇಲ್ಲವಾದರೆ ಎತ್ತರದ ಭಾವನೆಯೇ ಹೋಗುತ್ತದೆ.

ಕತ್ತರಿಸುವಾಗ ಧೈರ್ಯವಿರಲಿ. 12 ಮೆಗಾಪಿಕ್ಸೆಲ್ ಮೊಬೈಲ್ ಚಿತ್ರದ ಅಳತೆ ಸುಮಾರು 4000 × 3000 ಪಿಕ್ಸೆಲ್. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 6 × 4 ಇಂಚಿನ ಮುದ್ರಣಕ್ಕೆ ಬೇಕಾದದ್ದು 1800 × 1200 ಮಾತ್ರ. ಹಾಗಾಗಿ ಅಂಚಿನಲ್ಲಿ ಇಣುಕುವ ಅಪರಿಚಿತರನ್ನೂ ಖಾಲಿ ನೆಲವನ್ನೂ ನಿಶ್ಚಿಂತೆಯಿಂದ ತೆಗೆಯಬಹುದು. ಮನುಷ್ಯರನ್ನು ಮಾತ್ರ ಮಣಿಕಟ್ಟು, ಮೊಣಕಾಲಿನಂತಹ ಸಂದುಗಳಲ್ಲಿ ಕತ್ತರಿಸಬೇಡಿ.

ಬೆಳಕು: ಹೆಚ್ಚು ಸಮಯ ಇಲ್ಲಿರಲಿ

ಬಣ್ಣಕ್ಕೆ ಕೈ ಹಾಕುವ ಮೊದಲು ಬೆಳಕು ಸರಿಯಾಗಬೇಕು. ಬೆಳಕು ಬದಲಾದರೆ ಬಣ್ಣವೂ ಬದಲಾಗುವುದರಿಂದ ಕ್ರಮ ತಪ್ಪಿದರೆ ಎರಡೆರಡು ಸಲ ತಿದ್ದಬೇಕಾಗುತ್ತದೆ.

ಹಿಸ್ಟೋಗ್ರಾಂ ಎಂಬ ಚಿಕ್ಕ ನಕ್ಷೆಯನ್ನು ತೆರೆದು ನೋಡಿ. ಎಡಗಡೆ ಕಪ್ಪು, ಬಲಗಡೆ ಬಿಳಿ. ನಕ್ಷೆ ಬಲ ಅಂಚಿಗೆ ಬಡಿದು ಗೋಡೆಯಂತೆ ನಿಂತಿದ್ದರೆ ಚಿತ್ರದ ಒಂದಿಷ್ಟು ಭಾಗ ಪೂರ್ಣ ಬಿಳಿಯಾಗಿದೆ ಎಂದರ್ಥ. ಜೆಪೆಗ್‌ನಲ್ಲಿ ಆ ಭಾಗದ ವಿವರ ಹೋದದ್ದು ಹೋಯಿತು, ಎಷ್ಟು ಎಳೆದರೂ ಬಿಳಿ ಹೋಗಿ ಬೂದು ಬರುತ್ತದೆಯೇ ಹೊರತು ಮೋಡ ಮರಳುವುದಿಲ್ಲ. ಕತ್ತಲಾದ ಭಾಗದ ವಿಷಯ ಹಾಗಲ್ಲ, ಬಹುಪಾಲು ವಾಪಸು ಬರುತ್ತದೆ. ಆದ್ದರಿಂದಲೇ ಸಂದೇಹವಿದ್ದಾಗ ಚಿತ್ರವನ್ನು ತುಸು ಕಪ್ಪಾಗಿಯೇ ತೆಗೆಯುವುದು ಲೇಸು.

ಈಗ ಹೈಲೈಟ್ಸ್ ಪಟ್ಟಿಯನ್ನು ಎಡಕ್ಕೆ ಎಳೆಯಿರಿ. ಆಕಾಶದ ಬಿಳಿ ತಗ್ಗಿ, ಮೋಡವಿದ್ದರೆ ಕಾಣುತ್ತದೆ. ಬಳಿಕ ಶ್ಯಾಡೋಸ್ ಪಟ್ಟಿಯನ್ನು ಬಲಕ್ಕೆ ಎಳೆಯಿರಿ. ಮುಖಗಳು ಮೆಲ್ಲಗೆ ಬೆಳಗುತ್ತವೆ. ಸಾಕೆನಿಸುವಷ್ಟು ಎಳೆದು ಸ್ವಲ್ಪ ಹಿಂದಕ್ಕೆ ಬನ್ನಿ, ಏಕೆಂದರೆ ಅತಿಯಾದರೆ ನೆರಳಿನಲ್ಲಿ ಬಣ್ಣಬಣ್ಣದ ಚುಕ್ಕೆಗಳು ಏಳುತ್ತವೆ. ನೆರಳೆಲ್ಲ ಎದ್ದ ಮೇಲೆ ಚಿತ್ರ ತೆಳುವಾಗಿ, ಮೇಲೆ ಮಂಜು ಕವಿದಂತೆ ಕಾಣಬಹುದು. ಲೈಟ್‌ರೂಮ್‌ನಲ್ಲಿ ಬ್ಲ್ಯಾಕ್ಸ್ ತಗ್ಗಿಸಿ, ಸ್ನ್ಯಾಪ್‌ಸೀಡ್‌ನಲ್ಲಿ ಕಾಂಟ್ರಾಸ್ಟ್ ತುಸು ಏರಿಸಿ. ರಥದ ಚಕ್ರಗಳ ಸಂದಿಗಳು ಕಪ್ಪಾಗಿಯೇ ಇರಲಿ, ಕೆತ್ತನೆ ಎದ್ದು ಕಾಣುವುದೇ ಆ ಕಪ್ಪಿನಿಂದ.

ಒಂದೇ ಮುಖ ಕತ್ತಲಲ್ಲಿದ್ದರೆ ಇಡೀ ಚಿತ್ರವನ್ನು ಬೆಳಗಿಸುವ ಅಗತ್ಯವಿಲ್ಲ. ಸ್ನ್ಯಾಪ್‌ಸೀಡ್‌ನ ಸೆಲೆಕ್ಟಿವ್ ಉಪಕರಣದಲ್ಲಿ ಮುಖದ ಮೇಲೆ ಬೆರಳಿಟ್ಟು, ಎರಡು ಬೆರಳುಗಳಿಂದ ವ್ಯಾಪ್ತಿ ಹೊಂದಿಸಿ, ಅಷ್ಟಕ್ಕೆ ಮಾತ್ರ ಬೆಳಕು ಕೊಡಿ.

ಆಕಾಶ ಪೂರ್ತಿ ಸುಟ್ಟುಹೋಗಿದ್ದರೆ ಅದನ್ನು ಆದಷ್ಟು ಕತ್ತರಿಸಿ, ಅಥವಾ ಚಿತ್ರವನ್ನು ಕಪ್ಪುಬಿಳುಪಿಗೆ ತಿರುಗಿಸಿ. ಒಂದೇ ಒತ್ತಿಗೆ ಬೇರೆ ಊರಿನ ಮೋಡಗಳನ್ನು ತಂದು ಕೂರಿಸುವ ಆ್ಯಪ್‌ಗಳಿವೆ. ನಾನು ಅದನ್ನು ಒಪ್ಪುವುದಿಲ್ಲ. ನೆತ್ತಿಯ ಬಿಸಿಲಿನ ನೆರಳೂ ಸೂರ್ಯಾಸ್ತದ ಆಕಾಶವೂ ಒಂದೇ ಚಿತ್ರದಲ್ಲಿದ್ದರೆ ನೋಡುವವರಿಗೆ ಏನೋ ಸುಳ್ಳೆಂದು ತಕ್ಷಣ ಅನ್ನಿಸುತ್ತದೆ.

ಬಣ್ಣ

ಕಲ್ಯಾಣಮಂಟಪದ ಚಿತ್ರಗಳು ಹಳದಿಗಟ್ಟಲು ಬಲ್ಬುಗಳೇ ಕಾರಣ. ಮಧ್ಯಾಹ್ನದ ಬಿಸಿಲಿನ ಬಣ್ಣದ ತಾಪ ಸುಮಾರು 5500 ಕೆಲ್ವಿನ್, ಹಳೆಯ ತಂತಿ ಬಲ್ಬಿನದು 2700ರ ಆಸುಪಾಸು. ಈ ಸಂಖ್ಯೆ ಇಳಿದಷ್ಟೂ ಬೆಳಕು ಹಳದಿ. ವೈಟ್ ಬ್ಯಾಲೆನ್ಸ್ ಉಪಕರಣದ ಡ್ರಾಪರ್ ಅನ್ನು ಚಿತ್ರದಲ್ಲಿ ನಿಜಕ್ಕೂ ಬಿಳಿ ಅಥವಾ ಬೂದು ಇರುವ ಜಾಗದ ಮೇಲೆ, ಉದಾಹರಣೆಗೆ ಬಿಳಿ ಪಂಚೆಯ ಮೇಲೆ ಇಡಿ. ಉಳಿದ ಬಣ್ಣಗಳು ತಾವಾಗಿ ಹೊಂದಿಕೊಳ್ಳುತ್ತವೆ. ದೀಪೋತ್ಸವದ ಚಿತ್ರಕ್ಕೆ ಮಾತ್ರ ಇದನ್ನು ಮಾಡಬೇಡಿ. ಎಣ್ಣೆದೀಪದ ಬೆಳಕು ಹೊಂಬಣ್ಣದಲ್ಲಿಯೇ ಇರಬೇಕು.

ಸ್ಯಾಚುರೇಶನ್ ಎಲ್ಲ ಬಣ್ಣಗಳನ್ನೂ ಸಮನಾಗಿ ಏರಿಸುತ್ತದೆ, ಭತ್ತದ ಗದ್ದೆ ಕ್ಷಣದಲ್ಲಿ ಪ್ಲಾಸ್ಟಿಕ್‌ನಂತಾಗುತ್ತದೆ. ಲೈಟ್‌ರೂಮ್‌ನ ವೈಬ್ರೆನ್ಸ್ ಮಂಕಾದ ಬಣ್ಣಗಳನ್ನು ಹೆಚ್ಚು ಏರಿಸಿ, ಚರ್ಮದ ಬಣ್ಣವನ್ನು ಕಾಪಾಡುತ್ತದೆ. ಮೊದಲು ಅದನ್ನು ಬಳಸಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಅನೇಕ ಬ್ಯೂಟಿ ಫಿಲ್ಟರ್‌ಗಳು ಮುಖವನ್ನು ಕೇಳದೆಯೇ ಬಿಳಿಯಾಗಿಸುತ್ತವೆ. ನೆರಳಿನಿಂದ ಮುಖವನ್ನು ಹೊರತರುವುದು ಬೇರೆ, ಕಪ್ಪು ಮೈಬಣ್ಣವನ್ನು ದೋಷವೆಂದು ಅಳಿಸುವುದು ಬೇರೆ. ಅಜ್ಜಿಯ ಮೈಬಣ್ಣ, ಮುಖದ ಸುಕ್ಕು ಅವರದೇ. ಅವುಗಳಿಗೆ ಕೈ ಹಚ್ಚಬೇಡಿ.

ಜೋಗದ ಮಂಜು

ಮಳೆಗಾಲದಲ್ಲಿ 253 ಮೀಟರ್ ಎತ್ತರದಿಂದ ಧುಮುಕುವ ಜೋಗವನ್ನು ಎದುರಿನಿಂದ ತೆಗೆದರೆ ತುಂತುರು, ಮಂಜು ಸೇರಿ ಎಲ್ಲವೂ ಬೂದುಬಣ್ಣವಾಗಿ ಕಾಣುವುದುಂಟು. ಡಿಹೇಜ್ ಉಪಕರಣ ಇಲ್ಲಿ ನೆರವಿಗೆ ಬರುತ್ತದೆ. ಇಡೀ ಚಿತ್ರಕ್ಕೆ ಬಳಿಯದೆ, ಬ್ರಷ್ ಅಥವಾ ಮಾಸ್ಕ್ ಬಳಸಿ ಬಂಡೆಗಳಿಗೂ ನೀರಿನ ಧಾರೆಗಳಿಗೂ ಮಾತ್ರ ಕೊಡಿ. ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಬೇರೆಬೇರೆಯಾಗಿ ಕಾಣುವಷ್ಟಾದರೆ ಸಾಕು. ಕಣಿವೆಯ ಮಂಜನ್ನು ಪೂರ್ತಿ ಒರೆಸಿದರೆ ಮಳೆಗಾಲವೇ ಚಿತ್ರದಿಂದ ಹೊರಟುಹೋಗುತ್ತದೆ.

ಕೊನೆಯ ಕೆಲಸಗಳು

ಅಂಚುಗಳನ್ನು ಚುರುಕಾಗಿಸುವ ಶಾರ್ಪನಿಂಗ್ ಯಾವಾಗಲೂ ಕೊನೆಗೆ. ಚಿತ್ರವನ್ನು ಹಿಗ್ಗಿಸಿ ಕಣ್ಣಿನ ರೆಪ್ಪೆ, ಕಲ್ಲಿನ ಅಂಚು ನೋಡುತ್ತ ಸ್ವಲ್ಪವೇ ಕೊಡಿ. ಅಂಚಿನ ಸುತ್ತ ಬಿಳಿ ಗೆರೆ ಕಂಡರೆ ಹೆಚ್ಚಾಯಿತು. ಕೈ ಅಲುಗಿ ಮಸುಕಾದ ಚಿತ್ರಕ್ಕೆ ಇದು ಮದ್ದಲ್ಲ.

ಹೀಲಿಂಗ್ ಉಪಕರಣದಿಂದ ನೆಲದ ಮೇಲಿನ ಖಾಲಿ ಬಾಟಲಿ, ಆಕಾಶದ ವಿದ್ಯುತ್ ತಂತಿಗಳನ್ನು ಅಳಿಸಬಹುದು. ಮನೆಯ ಆಲ್ಬಂಗೆ ಇದರಿಂದ ತೊಂದರೆಯಿಲ್ಲ. ಪತ್ರಿಕೆಗೆ ಕಳುಹಿಸುವ ಸುದ್ದಿಚಿತ್ರದಲ್ಲಾಗಲಿ, ಸ್ಪರ್ಧೆಯ ವನ್ಯಜೀವಿ ವಿಭಾಗಕ್ಕೆ ಕೊಡುವ ಚಿತ್ರದಲ್ಲಾಗಲಿ ಇದ್ದದ್ದನ್ನು ತೆಗೆಯುವುದು, ಇಲ್ಲದ್ದನ್ನು ಸೇರಿಸುವುದು ಸಲ್ಲದು. ಕಳುಹಿಸುವ ಮುನ್ನ ನಿಯಮಗಳನ್ನು ಓದಿ.

ತಿದ್ದಿದ ಚಿತ್ರವನ್ನು ಬೇರೆ ಪ್ರತಿಯಾಗಿಯೇ ಉಳಿಸಿ. ಜೆಪೆಗ್ ಅನ್ನು ಮತ್ತೆಮತ್ತೆ ತೆರೆದು ತಿದ್ದಿ ಉಳಿಸಿದರೆ ಗುಣಮಟ್ಟ ಕುಂದುತ್ತ ಹೋಗುತ್ತದೆ, ಪ್ರತಿ ಸಲವೂ ಮೂಲದಿಂದಲೇ ಶುರು ಮಾಡಿ. ರಾತ್ರಿ ತಿದ್ದಿದ್ದನ್ನು ಬೆಳಿಗ್ಗೆ ಮೂಲಚಿತ್ರದ ಪಕ್ಕದಲ್ಲಿಟ್ಟು ನೋಡಿ, ಅತಿರೇಕವೆಲ್ಲ ಆಗ ಕಣ್ಣಿಗೆ ಬೀಳುತ್ತದೆ. ನೆಂಟರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವಾಗ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿದರೆ ಚಿತ್ರ ಕುಗ್ಗುವುದಿಲ್ಲ. ಸ್ಟುಡಿಯೊದಲ್ಲಿ ಮುದ್ರಣಕ್ಕೆ ಕೊಡುವಾಗ, ಯಂತ್ರ ತಾನಾಗಿ ಬಣ್ಣ ತಿದ್ದುವುದನ್ನು ನಿಲ್ಲಿಸುವಂತೆ ಹೇಳಿ. ದೊಡ್ಡ ಅಳತೆಗೆ ಹೋಗುವ ಮೊದಲು 6 × 4 ಇಂಚಿನ ಒಂದು ಪ್ರತಿ ತೆಗೆಸಿ ನೋಡಿ. ಮೊಬೈಲ್ ಪರದೆಯ ಪ್ರಖರತೆ ಕಾಗದಕ್ಕೆ ಇಲ್ಲದಿರುವುದರಿಂದ ಬಹಳಷ್ಟು ಚಿತ್ರಗಳಿಗೆ ಮುದ್ರಣದ ಮುನ್ನ ಇನ್ನೊಂದಿಷ್ಟು ಬೆಳಕು ಸೇರಿಸಬೇಕಾಗುತ್ತದೆ.