480 ಯಾಕೆ? ಪಂಪ್ ನಡೆಸುತ್ತಲೇ ಆನ್‌ಲೈನ್‌ನಲ್ಲಿ ಎಂಎಸ್ ಓದಿದ ಅನುಭವ

ನಾನು ಪರ್ಫ್ಯೂಷನಿಸ್ಟ್. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಹಾರ್ಟ್-ಲಂಗ್ ಮಷೀನ್ ನಡೆಸುತ್ತೇನೆ. ಓಪನ್ ಹಾರ್ಟ್ ಆಪರೇಷನ್ ಆಗುವಾಗ ಹೃದಯವನ್ನು ನಿಲ್ಲಿಸಿರುತ್ತಾರೆ, ಶ್ವಾಸಕೋಶಕ್ಕೂ ಬಿಡುವು. ಅಷ್ಟು ಹೊತ್ತು ರೋಗಿಯ ರಕ್ತ ಟ್ಯೂಬಿನಲ್ಲಿ ಹೊರಗೆ ಬರುತ್ತದೆ, ಆಕ್ಸಿಜನೇಟರ್‌ನಲ್ಲಿ ಆಮ್ಲಜನಕ ತುಂಬಿಕೊಳ್ಳುತ್ತದೆ, ಪಂಪಿನಿಂದ ಮತ್ತೆ ಮೈಯೊಳಗೆ ಹೋಗುತ್ತದೆ. ಥಿಯೇಟರಿನಲ್ಲಿ ಇದಕ್ಕೆಲ್ಲ ನಾವು ಸುಮ್ನೆ ‘ಪಂಪ್’ ಅಂತೀವಿ.

ನಮ್ಮಲ್ಲಿ ಜಾಸ್ತಿ ಜನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿಎಸ್ಸಿ ಪರ್ಫ್ಯೂಷನ್ ಟೆಕ್ನಾಲಜಿ ಮುಗಿಸಿ ನೇರ ಕೆಲಸಕ್ಕೆ ಇಳಿದವರು. ನಾನೂ ಹಾಗೇ. ಕೆಲವು ವರ್ಷ ಕೇಸ್ ಮಾಡಿದ ಮೇಲೆ ಕೈ ತಾನಾಗಿ ಓಡುತ್ತದೆ. ಪ್ರೈಮಿಂಗ್ ಮಾಡುವುದು (ಟ್ಯೂಬುಗಳಿಗೆ ಮೊದಲೇ ದ್ರಾವಣ ತುಂಬುವುದು), ಗಾಳಿ ಗುಳ್ಳೆ ತೆಗೆಯುವುದು, ಲೈನ್ ಪ್ರೆಶರ್ ನೋಡುವುದು, ಇದಕ್ಕೆಲ್ಲ ಯೋಚನೆಯೇ ಬೇಡ. ಆದರೆ ಯಾವುದಾದರೂ ಅಂಕಿಯ ಬಗ್ಗೆ ‘ಯಾಕೆ ಇಷ್ಟೇ?’ ಅಂತ ಕೇಳಿದರೆ ‘ನಮ್ಮಲ್ಲಿ ಹಾಗೇ ಮಾಡೋದು’ ಅನ್ನುವುದಷ್ಟೇ ನನ್ನ ಬಳಿ ಇದ್ದ ಉತ್ತರ. ಮುಂದೆ ಓದಬೇಕು ಅನ್ನಿಸಿದ್ದು ಅದಕ್ಕೆ. ಕೆಲಸ ಬಿಟ್ಟು ಓದುವ ಸ್ಥಿತಿ ಮನೆಯಲ್ಲಿರಲಿಲ್ಲ. ಹಾಗಾಗಿ ಅಮೆರಿಕದ ಒಂದು ವಿಶ್ವವಿದ್ಯಾಲಯದ ಆನ್‌ಲೈನ್ ಎಂಎಸ್‌ಗೆ ಸೇರಿದೆ.

ಇಂಥ ಕೋರ್ಸುಗಳು ಯಾಕೆ ಹುಟ್ಟಿದವು ಅಂತ ಗೊತ್ತಿದ್ದರೆ ಒಳ್ಳೆಯದು. ಅಮೆರಿಕದಲ್ಲಿ ಪರ್ಫ್ಯೂಷನ್ ಓದು ಮೊದಲು ಸರ್ಟಿಫಿಕೇಟ್, ಬ್ಯಾಚುಲರ್ ಡಿಗ್ರಿಯ ಮಟ್ಟದಲ್ಲಿತ್ತು. ಆಮೇಲೆ ಹೆಚ್ಚಿನ ಕಾಲೇಜುಗಳು ಅದನ್ನು ಮಾಸ್ಟರ್ಸ್‌ಗೆ ಏರಿಸಿದವು. ಆಗಲೇ ಕೆಲಸದಲ್ಲಿದ್ದವರು ಊರು ಬಿಡದೆ ಮೇಲಿನ ಡಿಗ್ರಿ ಪಡೆಯಲಿ ಅಂತ ಆನ್‌ಲೈನ್ ದಾರಿ ಮಾಡಿದರು. ಅಂದರೆ ಇವು ಪಂಪ್ ನಡೆಸಲು ಈಗಾಗಲೇ ಬರುವವರಿಗೆ ಮಾಡಿದ ಕೋರ್ಸು. ಪಂಪನ್ನೇ ಮುಟ್ಟದವರು ಲ್ಯಾಪ್‌ಟಾಪಿನಲ್ಲಿ ಓದಿ ಪರ್ಫ್ಯೂಷನಿಸ್ಟ್ ಆಗಲು ಆಗುವುದಿಲ್ಲ, ಆಗಲೂ ಬಾರದು.

ಇನ್ನೊಂದು ವಿಷಯವನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. ಈ ಡಿಗ್ರಿ ಹಿಡಿದುಕೊಂಡು ಅಮೆರಿಕದಲ್ಲಿ ಕೆಲಸಕ್ಕೆ ಸೇರಲು ಆಗುವುದಿಲ್ಲ. ಅಲ್ಲಿ ಸಿಸಿಪಿ (ಸರ್ಟಿಫೈಡ್ ಕ್ಲಿನಿಕಲ್ ಪರ್ಫ್ಯೂಷನಿಸ್ಟ್) ಅನ್ನುವ ಅರ್ಹತೆ ಬೇಕು. ಅದನ್ನು ಕೊಡುವುದು ಅಮೆರಿಕನ್ ಬೋರ್ಡ್ ಆಫ್ ಕಾರ್ಡಿಯೋವ್ಯಾಸ್ಕುಲರ್ ಪರ್ಫ್ಯೂಷನ್. ಅದರ ಪರೀಕ್ಷೆಗೆ ಕೂರಬೇಕಾದರೆ ಅಲ್ಲಿನ ಮಾನ್ಯತೆ ಇರುವ ಕಾಲೇಜಿನಲ್ಲಿ, ಆಸ್ಪತ್ರೆಯ ತರಬೇತಿ ಸೇರಿಸಿ ಕಲಿತಿರಬೇಕು. ಏಜೆಂಟರು ಬೇರೆ ಕಥೆ ಹೇಳಿದರೆ ನಂಬಬೇಡಿ.

ಕ್ಲಾಸು ಅಲ್ಲಿನ ಸಂಜೆ ಏಳಕ್ಕೆ. ನಮಗೆ ಅದು ಬೆಳಗಿನ ಜಾವ ನಾಲ್ಕೂವರೆ. ನವೆಂಬರಿನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಐದೂವರೆ. ಬೇಸಿಗೆಯ ಲೆಕ್ಕವೇ ನನಗೆ ಅನುಕೂಲ, ಕ್ಲಾಸು ಮುಗಿಸಿ ತಿಂಡಿ ತಿಂದು ಥಿಯೇಟರಿಗೆ ಹೋಗಬಹುದಿತ್ತು. ಚಳಿಗಾಲದಲ್ಲಿ ಮೊದಲ ಕೇಸ್ ಇದ್ದ ದಿನ ರೆಕಾರ್ಡಿಂಗೇ ಗತಿ. ‘ಈ ಹೊತ್ತಲ್ಲಿ ಯಾರ ಜೊತೆ ಇಂಗ್ಲಿಷ್‌ನಲ್ಲಿ ಮಾತಾಡ್ತಿರ್ತೀಯಾ?’ ಅಂತ ಅಮ್ಮ ಹಲವು ಸಲ ಕೇಳಿದ್ದುಂಟು.

ಮೊದಲ ಸೆಮಿಸ್ಟರಿನಲ್ಲೇ ಒಂದು ಪ್ರಶ್ನೆ ಬಂತು: ಪಂಪ್ ಶುರು ಮಾಡಲು ನಿಮ್ಮಲ್ಲಿ ಎಸಿಟಿ ಎಷ್ಟಿರಬೇಕು, ಮತ್ತು ಯಾಕೆ?

ಗೊತ್ತಿಲ್ಲದವರಿಗೆ ಹೇಳುತ್ತೇನೆ. ರಕ್ತ ಪ್ಲಾಸ್ಟಿಕ್ಕನ್ನು ಮುಟ್ಟಿದರೆ ಹೆಪ್ಪುಗಟ್ಟುತ್ತದೆ. ಅದಕ್ಕೆ ಪಂಪ್ ಶುರುವಾಗುವ ಮೊದಲು ಹೆಪಾರಿನ್ ಕೊಡುತ್ತಾರೆ, ಸಾಮಾನ್ಯವಾಗಿ ಕೆಜಿಗೆ 300ರಿಂದ 400 ಯೂನಿಟ್. ಅದು ಕೆಲಸ ಮಾಡಿದೆಯಾ ಅಂತ ನೋಡುವ ಪರೀಕ್ಷೆಯೇ ಎಸಿಟಿ, ರಕ್ತ ಹೆಪ್ಪುಗಟ್ಟಲು ಎಷ್ಟು ಸೆಕೆಂಡ್ ಬೇಕು ಅನ್ನುವ ಲೆಕ್ಕ. ನಮ್ಮಲ್ಲಿ 480 ದಾಟದೆ ಯಾರೂ ಪಂಪ್ ಶುರು ಮಾಡುವುದಿಲ್ಲ. ತರಗತಿಯಲ್ಲಿ ಕೆಲವರು 400 ಅಂದರು, ಕೆಲವರು 450, ಉಳಿದವರು 480. ‘ಯಾಕೆ’ ಅನ್ನುವ ಕಾಲಂ ಬಹುತೇಕ ಎಲ್ಲರದ್ದೂ ಖಾಲಿ!

ಮೂಲ ಹುಡುಕಿಕೊಂಡು ಹೋದೆವು. ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾದಲ್ಲಿದ್ದ ಬ್ರಯಾನ್ ಬುಲ್ ಮತ್ತು ಜೊತೆಗಾರರು 1975ರಲ್ಲಿ ಬರೆದ ಪೇಪರ್‌ಗಳಲ್ಲಿ 480 ಸಿಗುತ್ತದೆ, ಸುರಕ್ಷಿತ ಅಂತರ ಇಟ್ಟುಕೊಂಡು ಸೂಚಿಸಿದ ಅಂಕಿ ಅದು. 400ರ ಬೆನ್ನು ಹತ್ತಿದರೆ 1978ರ ಒಂದು ಅಧ್ಯಯನಕ್ಕೆ ತಲುಪುತ್ತೀರಿ. ಅದನ್ನು ಮಾಡಿದ್ದು ಒಂಬತ್ತು ರೀಸಸ್ ಕೋತಿಗಳ ಮೇಲೆ. ಒಂಬತ್ತು! ದಿನಾ ನಾವು ಕಣ್ಣುಮುಚ್ಚಿ ಪಾಲಿಸುವ ಗಡಿಯ ಹಿಂದೆ ಇಷ್ಟೇ ಇತ್ತು. ಹಾಗಂತ ಆ ಅಂಕಿ ತಪ್ಪು ಅಂತಲ್ಲ, ನಾನು ಈಗಲೂ 480ಕ್ಕೇ ಕಾಯುತ್ತೇನೆ. ಹೆಪಾರಿನ್ ಕಡಿಮೆಯಾದರೆ ಏನಾಗುತ್ತದೆ ಅನ್ನುವುದಕ್ಕೆ ಈ ಯಂತ್ರದ ಮೊದಲ ಯಶಸ್ಸೇ ಸಾಕ್ಷಿ. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಸರ್ಜನ್ ಜಾನ್ ಗಿಬ್ಬನ್ 18 ವರ್ಷದ ಹುಡುಗಿಯ ಹೃದಯದ ತೂತು ಮುಚ್ಚಿದರು. 26 ನಿಮಿಷ ಅವಳ ಜೀವ ಪೂರ್ತಿ ಯಂತ್ರದ ಮೇಲಿತ್ತು. ಆ ದಿನ ಹೆಪಾರಿನ್ ಸಾಲದೆ ಆಕ್ಸಿಜನೇಟರ್‌ನಲ್ಲಿ ಹೆಪ್ಪು ಕಟ್ಟತೊಡಗಿತ್ತು. ಹುಡುಗಿ ಬದುಕಿದಳು. ಬಿಎಸ್ಸಿಯಲ್ಲಿ ನಾವು ತಾರೀಖು ಮಾತ್ರ ಬಾಯಿಪಾಠ ಮಾಡಿದ್ದೆವು.

ನನ್ನ ಕೆಲಸವನ್ನು ನಿಜವಾಗಿ ಬದಲಾಯಿಸಿದ್ದು ಆಮ್ಲಜನಕ ಪೂರೈಕೆಯ ಪಾಠ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಪಂಪ್ ಎಷ್ಟು ವೇಗದಲ್ಲಿ ಓಡಬೇಕು ಅನ್ನುವುದಕ್ಕೆ ನಮ್ಮ ಹಳೆಯ ಸೂತ್ರ: ಮೈಯ ಮೇಲ್ಮೈ ಅಳತೆ ಲೆಕ್ಕ ಹಾಕು, 2.4ರಿಂದ ಗುಣಿಸು. ಅಷ್ಟು ಲೀಟರ್ ನಿಮಿಷಕ್ಕೆ, ಇದನ್ನೇ ನಾವು ಫ್ಲೋ ಅನ್ನುವುದು. ರೋಗಿ ಚೆನ್ನಾಗಿ ಉಂಡು ಬೆಳೆದ 70 ಕೆಜಿಯವರಾದರೆ ಇದು ಸಾಕು. ಆದರೆ ನಮ್ಮ ವಾರ್ಡಿಗೆ ಬರುವವರು ಯಾರು? ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಹೃದಯದ ಮೈಟ್ರಲ್ ವಾಲ್ವ್ ಕೆಟ್ಟ ಹೆಂಗಸರು ಎಷ್ಟೋ ಜನ. 40 ಕೆಜಿ, ಮೊದಲೇ ರಕ್ತಹೀನತೆ.

ಲೆಕ್ಕ ನೋಡಿ. ಕೆಜಿಗೆ 65 ಮಿಲಿಯಂತೆ ಅಂಥವರ ಮೈಯಲ್ಲಿ 2600 ಮಿಲಿ ರಕ್ತ. ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು, 30 ಅಂದುಕೊಳ್ಳಿ. ಸರ್ಕಿಟ್ (ಪಂಪಿನ ಟ್ಯೂಬು, ಆಕ್ಸಿಜನೇಟರ್ ಎಲ್ಲ ಸೇರಿ) ತುಂಬಲು ನಾವು ಹಾಕುವ ದ್ರಾವಣ 1400 ಮಿಲಿ. ಪಂಪ್ ಶುರುವಾದ ಕೂಡಲೇ ಎರಡೂ ಬೆರೆತು 4000 ಮಿಲಿ ಆಗುತ್ತದೆ, ಹೆಮಟೋಕ್ರಿಟ್ 19.5ಕ್ಕೆ ಬೀಳುತ್ತದೆ. ಹಿಮೋಗ್ಲೋಬಿನ್ ಸುಮಾರು ಆರೂವರೆ. ಈಗ 2.4ರ ಲೆಕ್ಕದಲ್ಲಿ ಪಂಪ್ ಓಡಿಸಿದರೆ, ಮೇಲ್ಮೈಯ ಪ್ರತಿ ಚದರ ಮೀಟರಿಗೆ ನಿಮಿಷಕ್ಕೆ ತಲುಪುವ ಆಮ್ಲಜನಕ 223 ಮಿಲಿ ಅಷ್ಟೇ. ಮಾನಿಟರಿನಲ್ಲಿ ಪ್ರೆಶರ್ ಚೆನ್ನಾಗಿರಬಹುದು, ಫ್ಲೋ ‘ಫುಲ್’ ಅಂತ ನಾವು ಕೂಗಿ ಹೇಳಿರಬಹುದು. ಆದರೆ ರಕ್ತ ನೀರಾಗಿದ್ದರೆ ಅಷ್ಟು ಫ್ಲೋ ಕೊಟ್ಟೂ ಕಿಡ್ನಿಗೆ ಸಾಲುವುದಿಲ್ಲ.

ಇಟಲಿಯ ಮಾರ್ಕೊ ರಾನುಚ್ಚಿ ಮತ್ತು ತಂಡ 2005ರಲ್ಲಿ ಇದನ್ನೇ ತೋರಿಸಿದ್ದು. ಈ ಪೂರೈಕೆ 272ಕ್ಕಿಂತ ಕೆಳಗಿಳಿದವರಲ್ಲಿ ಆಪರೇಷನ್ ನಂತರ ಕಿಡ್ನಿ ಕೈಕೊಡುವುದು ಜಾಸ್ತಿ. 2018ರಲ್ಲಿ ಅವರದೇ ದೊಡ್ಡ ಪ್ರಯೋಗದಲ್ಲಿ 280 ಗುರಿ ಇಟ್ಟುಕೊಂಡು ಪಂಪ್ ನಡೆಸಿದಾಗ ಮೊದಲ ಹಂತದ ಕಿಡ್ನಿ ಹಾನಿ ಕಡಿಮೆಯಾಯಿತು. ಅದಕ್ಕಿಂತ ತೀವ್ರವಾದ ಹಾನಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಈ ಎರಡನೇ ಮಾತನ್ನು ಯಂತ್ರ ಮಾರುವ ಕಂಪನಿಯವರು ಸ್ಲೈಡ್ ತೋರಿಸುವಾಗ ಹೇಳುವುದು ಕಡಿಮೆ.

ಹಾಗಾದರೆ ಆ 40 ಕೆಜಿ ರೋಗಿಗೆ ಏನು ಮಾಡಬಹುದು? ರಕ್ತ ಹಾಕಬಹುದು, ಆದರೆ ಅದರದ್ದೇ ತೊಂದರೆಗಳಿವೆ. ಅದಕ್ಕೆ ಮೊದಲು ಮಾಡಬಹುದಾದದ್ದು ಆರ್‌ಎಪಿ (ರೆಟ್ರೋಗ್ರೇಡ್ ಆಟೋಲೋಗಸ್ ಪ್ರೈಮಿಂಗ್). ಪಂಪ್ ಶುರುವಾಗುವ ಮುಂಚೆ ರೋಗಿಯ ರಕ್ತವನ್ನೇ ನಿಧಾನವಾಗಿ ಟ್ಯೂಬಿಗೆ ಬಿಟ್ಟುಕೊಂಡು, ಅಲ್ಲಿದ್ದ ದ್ರಾವಣವನ್ನು ಬ್ಯಾಗಿಗೆ ಹೊರಗೆ ತೆಗೆಯುವುದು. 400 ಮಿಲಿ ತೆಗೆದರೆ ಹೆಮಟೋಕ್ರಿಟ್ 19.5ರ ಬದಲು 21.7ಕ್ಕೆ ನಿಲ್ಲುತ್ತದೆ. ಪೂರೈಕೆ 246. ಈಗ ಫ್ಲೋವನ್ನು 2.4ರಿಂದ 2.75ಕ್ಕೆ ಏರಿಸಿದರೆ 282. ಒಂದೂ ಬಾಟಲಿ ರಕ್ತ ಹಾಕದೆ ಗುರಿ ದಾಟಿತು, ಅಲ್ವಾ? ಥಿಯೇಟರಿನಲ್ಲಿ ಇದು ಕಾಗದದ ಮೇಲಿನಷ್ಟು ಸಲೀಸಲ್ಲ. ಆರ್‌ಎಪಿ ಮಾಡುವಾಗ ಬಿಪಿ ಇಳಿಯುತ್ತದೆ, ಅರಿವಳಿಕೆ ಡಾಕ್ಟರ್ ಔಷಧಿ ಕೊಟ್ಟು ಹಿಡಿದಿಡಬೇಕು. ರಕ್ತನಾಳಕ್ಕೆ ತೂರಿಸುವ ಕೊಳವೆ, ಕ್ಯಾನ್ಯುಲಾ, ಸಣ್ಣದಾದರೆ ಫ್ಲೋ ಏರುವುದೇ ಇಲ್ಲ. ಮೈ ತಣ್ಣಗೆ ಮಾಡಿದ್ದರೆ ಬೇಡಿಕೆಯೂ ಕಡಿಮೆ, ಆಗ ಲೆಕ್ಕ ಬೇರೆ.

ಈ ಲೆಕ್ಕವನ್ನು ಅಸೈನ್‌ಮೆಂಟ್‌ಗೆ ಅಂತ ಮಾಡಿದ್ದೆ. ಅದೇ ಹಾಳೆಯನ್ನು ಒಂದು ದಿನ ನಮ್ಮ ಸರ್ಜನ್ ಮುಂದೆ ಇಟ್ಟೆ. ‘ಸರ್, ನಾಳೆ ಕೇಸಿಗೆ ಆರ್‌ಎಪಿ ಮಾಡಲಾ?’ ಅವರು ಹಾಳೆ ನೋಡಿದರು, ಅರಿವಳಿಕೆ ಮೇಡಂ ಕಡೆ ನೋಡಿದರು. ‘ಅವರು ಒಪ್ಪಿದ್ರೆ ಮಾಡಪ್ಪ. ಬಿಪಿ ಐವತ್ತಕ್ಕೆ ಬಂದ್ರೆ ಮಾತ್ರ ನಿಲ್ಲಿಸು.’ ಅಲ್ಲಿಯವರೆಗೆ ನಮ್ಮ ಮಾತುಕತೆ ‘ಆನ್’, ‘ಆಫ್’, ‘ಫ್ಲೋ ಇಳಿಸು’ ಇಷ್ಟರಲ್ಲೇ ಮುಗಿಯುತ್ತಿತ್ತು. ಆಮೇಲೆ ಕೇಸಿನ ಹಿಂದಿನ ದಿನವೇ ಅವರಿಂದ ಫೋನ್ ಬರತೊಡಗಿತು.

ಕೊನೆಯ ಪ್ರಾಜೆಕ್ಟನ್ನೂ ಇದೇ ದಾರಿಯಲ್ಲಿ ಮಾಡಿದೆ, ಸರ್ಕಿಟ್ ಚಿಕ್ಕದು ಮಾಡುವುದು. ಅರ್ಧ ಇಂಚಿನ ಟ್ಯೂಬ್ ಒಂದು ಮೀಟರಿಗೆ ಸುಮಾರು 127 ಮಿಲಿ ಹಿಡಿಯುತ್ತದೆ, 3/8 ಇಂಚಿನದು 71. ಪಂಪನ್ನು ಟೇಬಲ್ಲಿಗೆ ಒಂದು ಹೆಜ್ಜೆ ಹತ್ತಿರ ತಂದು ಟ್ಯೂಬ್ ಕತ್ತರಿಸಿದರೂ ಲಾಭವೇ. ರೋಗಿಯಿಂದ ರಕ್ತ ಹೊರಗೆ ತರುವ ವೀನಸ್ ಲೈನನ್ನು 3/8ಕ್ಕೆ ಇಳಿಸಿದರೆ ಇನ್ನೂ ಲಾಭ, ಆದರೆ ಆಗ ರಕ್ತ ಸರಿಯಾಗಿ ಬರಲು ವ್ಯಾಕ್ಯೂಮ್ ಬೇಕಾಗಬಹುದು, ವ್ಯಾಕ್ಯೂಮ್ ಬಂದರೆ ಸಣ್ಣ ಗುಳ್ಳೆಗಳ ಭಯವೂ ಜೊತೆಗೆ ಬರುತ್ತದೆ. ನಮ್ಮ ಥಿಯೇಟರಿನಲ್ಲಿ ಪಂಪ್ ಹತ್ತಿರ ತರಲು ಅಡ್ಡಿಯಾಗಿದ್ದದ್ದು ಡಯಾಥರ್ಮಿ (ವಿದ್ಯುತ್ತಿನಿಂದ ಕೊಯ್ದು ರಕ್ತ ನಿಲ್ಲಿಸುವ ಯಂತ್ರ) ಟ್ರಾಲಿ! ಅದನ್ನು ಆಚೆ ಸರಿಸಲು ಸಿಸ್ಟರ್‌ಗಳನ್ನು ಒಪ್ಪಿಸಿದ್ದು ಪ್ರಾಜೆಕ್ಟಿನ ಅತಿ ಕಷ್ಟದ ಭಾಗ. ಎಥಿಕ್ಸ್ ಕಮಿಟಿ ಅದಕ್ಕಿಂತ ಬೇಗ ಒಪ್ಪಿತು.

ಕೈಕೆಲಸವನ್ನು ದೂರದಿಂದ ಹೇಗೆ ನೋಡುತ್ತಾರೆ ಅಂತ ಹಲವರಿಗೆ ಅನುಮಾನ. ವಿಡಿಯೋ ಕಳಿಸಬೇಕು. ಆಕ್ಸಿಜನೇಟರ್ ನಡುವೆ ಕೆಟ್ಟರೆ ಬದಲಿಸುವುದನ್ನು ತೋರಿಸಿ ಅಂದರು. ಅಲ್ಲಿನ ಕೆಲವರಿಗೆ ಸಿಮ್ಯುಲೇಟರ್ ಇತ್ತು. ನಾನು ಎಕ್ಸ್‌ಪೈರಿ ಆದ ಎರಡು ಸೆಟ್ ಕೇಳಿ ಪಡೆದು, ಭಾನುವಾರ ಖಾಲಿ ಥಿಯೇಟರಿನಲ್ಲಿ ನೀರು ತುಂಬಿಸಿ, ಮೊಬೈಲನ್ನು ಡ್ರಿಪ್ ಸ್ಟ್ಯಾಂಡಿಗೆ ಕಟ್ಟಿದೆ. ಪಂಪ್ ನಿಲ್ಲಿಸು, ಲೈನುಗಳಿಗೆ ಕ್ಲ್ಯಾಂಪ್ ಹಾಕು, ಕತ್ತರಿಸು, ಹೊಸದನ್ನು ಜೋಡಿಸು, ಗ್ಯಾಸ್ ಲೈನ್, ನೀರಿನ ಲೈನ್, ಗಾಳಿ ತೆಗೆ, ಮತ್ತೆ ಶುರು. ಜೂನಿಯರ್ ಹುಡುಗ ಕ್ಲ್ಯಾಂಪ್ ಎಣಿಸಿ ಕೊಡುತ್ತಿದ್ದ. ನೋಡಿದ ಪ್ರೊಫೆಸರ್ ಕೈಯ ಬಗ್ಗೆ ಏನೂ ಹೇಳಲಿಲ್ಲ. ‘ಪ್ರತಿ ಕ್ಲ್ಯಾಂಪನ್ನೂ ಬಾಯಿಬಿಟ್ಟು ಹೇಳಿ. ಪಕ್ಕದವರು ನಿಮ್ಮ ಮನಸ್ಸು ಓದಲಾರರು’ ಅಂತ ಬರೆದಿದ್ದರು. ಈಗ ನಮ್ಮಲ್ಲಿ ಹೊಸಬರಿಗೆ ಇದೇ ಅಭ್ಯಾಸವನ್ನು ಮಾಡಿಸುತ್ತೇವೆ, ಕೂಗಿ ಹೇಳಿಸಿಯೇ.

ಎಕ್ಮೋ ಅಂದರೆ ಹೃದಯ, ಶ್ವಾಸಕೋಶ ಸೋತವರಿಗೆ ದಿನಗಟ್ಟಲೆ ಹಾಕುವ ಇಂಥದೇ ಪಂಪ್. ಅದರ ಪಾಠದಲ್ಲಿ ಯಂತ್ರಕ್ಕಿಂತ ಪೇಪರ್ ಓದುವುದು ಕಲಿತೆ. ಕೋವಿಡ್ ಸಮಯದಲ್ಲಿ ಎಷ್ಟೋ ಮನೆಯವರು ‘ಎಕ್ಮೋ ಹಾಕಿ, ಬದುಕ್ತಾರೆ’ ಅಂತ ಬರುತ್ತಿದ್ದರು. 2009ರ ಬ್ರಿಟನ್ನಿನ ಸೀಸರ್ ಪ್ರಯೋಗದಲ್ಲಿ ಎಕ್ಮೋ ಗುಂಪಿನವರಲ್ಲಿ 63% ಜನ ಆರು ತಿಂಗಳ ನಂತರ ತೀವ್ರ ಅಂಗವೈಕಲ್ಯವಿಲ್ಲದೆ ಬದುಕಿದ್ದರು, ಮಾಮೂಲಿ ವೆಂಟಿಲೇಟರ್ ಚಿಕಿತ್ಸೆಯ ಗುಂಪಿನಲ್ಲಿ 47%. ಕೇಳಲು ಚೆನ್ನಾಗಿದೆ. ಆದರೆ ಎಕ್ಮೋ ಗುಂಪಿನ 90 ಜನರಲ್ಲಿ ನಿಜವಾಗಿ ಎಕ್ಮೋ ಹಾಕಿದ್ದು 68 ಜನರಿಗೆ. ಉಳಿದ ಲಾಭ ಅನುಭವವಿದ್ದ ದೊಡ್ಡ ಆಸ್ಪತ್ರೆಗೆ ಸಾಗಿಸಿದ್ದರಿಂದಲೂ ಬಂದಿರಬಹುದು. ಇಂಥದ್ದನ್ನು ಹುಡುಕಿ ಓದುವ ಚಟ ಹತ್ತಿದರೆ ಹಣ ವಸೂಲಿ.

ಹಣದ ಮಾತು. ಫೀಸು ಡಾಲರಿನಲ್ಲಿ, ಆಸ್ಪತ್ರೆ ಕೊಡಲಿಲ್ಲ, ಸಾಲ ಮಾಡಿದೆ. ಸಂಬಳವೇನೂ ತಕ್ಷಣ ಏರಲಿಲ್ಲ. ಪಾಠ ಹೇಳುವ ಅವಕಾಶಗಳು ಬಂದವು, ಅಷ್ಟೇ.

ಸೇರಬೇಕು ಅನ್ನುವವರು ಮೊದಲು ಎರಡು ವಿಷಯ ಕೇಳಿಕೊಳ್ಳಿ. ಹೆಸರು, ನಂಬರ್ ತೆಗೆದ ಕೇಸ್ ಶೀಟ್‌ಗಳನ್ನು ಓದಿಗೆ ಬಳಸಲು ನಿಮ್ಮ ಆಸ್ಪತ್ರೆ ಲಿಖಿತ ಒಪ್ಪಿಗೆ ಕೊಡುತ್ತದಾ? ಅದಿಲ್ಲದೆ ಅರ್ಧ ಅಸೈನ್‌ಮೆಂಟ್ ನಿಂತುಹೋಗುತ್ತದೆ. ಪ್ರಾಜೆಕ್ಟ್ ಗೈಡ್ ಈಗಲೂ ಪಂಪ್ ನಡೆಸುತ್ತಿರುವವರಾ? ಇನ್ನು ಹಣ ಕಟ್ಟುವ ಮೊದಲು, ಜರ್ನಲ್ ಆಫ್ ಎಕ್ಸ್‌ಟ್ರಾಕಾರ್ಪೋರಿಯಲ್ ಟೆಕ್ನಾಲಜಿಯ ಹಳೆಯ ಸಂಚಿಕೆಗಳು ಪಬ್‌ಮೆಡ್ ಸೆಂಟ್ರಲ್ ಅನ್ನುವ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ, ಒಂದು ತಿಂಗಳು ಅದನ್ನು ಓದಿ. ಬೇಜಾರಾಗದಿದ್ದರೆ ಅರ್ಜಿ ಹಾಕಿ.