ಊರಿನ ಮಿಲ್ಟ್ರಿ ತಾತನ ಬದುಕನ್ನು ಬರೆದಿಡುವುದು ಹೇಗೆ

ನಮ್ಮ ದೊಡ್ಡಪ್ಪ 1971ರ ಪಾಕಿಸ್ತಾನ ಯುದ್ಧದಲ್ಲಿ ಐಎನ್‌ಎಸ್ ವಿಕ್ರಾಂತ್ ಹಡಗಿನ ಬಾಯ್ಲರ್ ರೂಮಿನಲ್ಲಿ, ಅಂದರೆ ಹಡಗು ಓಡಿಸುವ ಹಬೆ ಕಾಯಿಸುವ ಕಡೆ ಇದ್ದರು. ನೌಕಾಪಡೆಯಲ್ಲಿ ಪೆನ್ಷನ್‌ಗೆ ಬೇಕಾದ 15 ವರ್ಷ ಮುಗಿಸಿ ಮಂಡ್ಯ ಕಡೆಯ ನಮ್ಮೂರಿಗೆ ವಾಪಸ್ ಬಂದರು. ನಾಲೆ ನೀರಿನ ಎರಡು ಎಕರೆಯಲ್ಲಿ ಕಬ್ಬು, ಭತ್ತ ಬೆಳೆದುಕೊಂಡು ಇದ್ದುಬಿಟ್ಟರು. ಊರವರಿಗೆ ಅವರು 'ಮಿಲ್ಟ್ರಿಯವರು', ಅಷ್ಟೇ. ಹಡಗಿನಲ್ಲಿದ್ದರು ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಅವರ ಬದುಕನ್ನು ಬರೆದು ಮುಗಿಸಲು ನನಗೆ ಎರಡು ವರ್ಷ ಹಿಡಿಯಿತು. ನಿಮ್ಮ ಮನೆಯಲ್ಲೋ ಪಕ್ಕದ ಬೀದಿಯಲ್ಲೋ ಇಂಥವರೊಬ್ಬರಿದ್ದರೆ ಈ ವಾರವೇ ಶುರು ಮಾಡಿ. ಆಗ 20 ವರ್ಷದ ಹುಡುಗರಾಗಿದ್ದವರಿಗೆ ಈಗ 70 ದಾಟಿದೆ.

ಮೊದಲ ಮಾತು, "ಯುದ್ಧ ಹೇಗಿತ್ತು?" ಅಂತ ಕೇಳಬೇಡಿ. ನಾನು ಹಾಗೇ ಕೇಳಿದ್ದೆ. "ಆಯ್ತು, ಮುಗೀತು ಬುಡು ಮಗ" ಅಂದು ಹೆಗಲಿಗೆ ಟವೆಲ್ ಹಾಕಿಕೊಂಡು ಗದ್ದೆಗೆ ಹೊರಟುಬಿಟ್ಟರು. ಆರು ತಿಂಗಳು ಮತ್ತೆ ಆ ಮಾತೇ ಬರಲಿಲ್ಲ. ದೊಡ್ಡ ಪ್ರಶ್ನೆಗೆ ಇಂಥವರ ಹತ್ತಿರ ಉತ್ತರ ಇರುವುದಿಲ್ಲ. ಅವರ ನೆನಪೆಲ್ಲ ಕೈಯಲ್ಲಿರುತ್ತದೆ, ಹಾಗಾಗಿ ಅವರು ಕೆಲಸ ಮಾಡುವಾಗ ಜೊತೆಗೆ ಹೋಗಿ.

ನನಗೆ ಬಾಗಿಲು ತೆರೆದದ್ದು ನಾಲೆ ನೀರು. ಒಂದು ರಾತ್ರಿ ನಮ್ಮ ಸರದಿ 12 ಗಂಟೆಗೆ ಬಂತು. ಟಾರ್ಚು, ಸನಿಕೆ ಹಿಡಿದು ಇಬ್ಬರೂ ಹೋಗಿ ನೀರು ತಿರುಗಿಸಿ ಬದುವಿನ ಮೇಲೆ ಕೂತೆವು. ಆಗ ಅವರೇ ಅಂದರು, "ಇದು ಮಿಡಲ್ ವಾಚು. ಹನ್ನೆರಡರಿಂದ ನಾಕು. ಎಲ್ಲಕ್ಕಿಂತ ಕಷ್ಟದ್ದು." ನಾನು ಸುಮ್ನೆ "ಹಾಗಂದ್ರೆ?" ಅಂದೆ. ಅವತ್ತು ಬೆಳಗಿನ ತನಕ ಮಾತಾಡಿದರು. ಹಡಗಿನಲ್ಲಿ ದಿನವನ್ನು ನಾಲ್ಕು ನಾಲ್ಕು ಗಂಟೆಯ ವಾಚುಗಳಾಗಿ, ಅಂದರೆ ಪಾಳಿಗಳಾಗಿ ಹಂಚುತ್ತಾರೆ, ಸಂಜೆ 4ರಿಂದ 8ರ ವಾಚನ್ನು ಮಾತ್ರ ಎರಡೆರಡು ಗಂಟೆಗೆ ಒಡೆಯುತ್ತಾರೆ, ಯಾಕೆಂದರೆ ಹಾಗೆ ಒಡೆದರೆ ಒಟ್ಟು ಏಳು ವಾಚಾಗಿ ದಿನಾ ಒಬ್ಬನಿಗೇ ಮಧ್ಯರಾತ್ರಿ ಬೀಳುವುದಿಲ್ಲ. ನೀರಿನ ಸರದಿಗೆ ನಮ್ಮೂರಲ್ಲಿ ಆಗುವ ಜಗಳ ನೋಡಿದವರಿಗೆ ಈ ಲೆಕ್ಕದ ಬೆಲೆ ಗೊತ್ತು.

ಆಮೇಲೆ ಕಣ್ಣು ಬಿಟ್ಟು ನೋಡಲು ಶುರು ಮಾಡಿದೆ. ಹಸುವಿನ ಕೊರಳಿಗೆ ಅವರು ಹಾಕುವ ಗಂಟು ಊರಲ್ಲಿ ಬೇರೆ ಯಾರೂ ಹಾಕುವುದಿಲ್ಲ. ಅದು ಬೋಲೈನ್, ಹಡಗಿನವರ ಗಂಟು. ಹಸು ಎಷ್ಟು ಜಗ್ಗಿದರೂ ಕುಣಿಕೆ ಬಿಗಿಯುವುದಿಲ್ಲ, ಬಿಚ್ಚುವುದೂ ಸುಲಭ. ಆಲೆಮನೆಯಲ್ಲಿ ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ತುರುಕುವಾಗ ಅವರು ಬೆಂಕಿ ನೋಡುವುದಕ್ಕಿಂತ ಅದರ ಸದ್ದು ಕೇಳುವುದೇ ಜಾಸ್ತಿ. ಯಾಕೆ ಅಂತ ಕೇಳಿದೆ. ವಿಕ್ರಾಂತ್‌ನ ನಾಲ್ಕು ಬಾಯ್ಲರ್‌ಗಳಲ್ಲಿ ಒಂದು ಬಿರುಕು ಬಿಟ್ಟಿತ್ತಂತೆ. ಯುದ್ಧಕ್ಕೆ ಹೋದದ್ದು ಅದೇ ಸ್ಥಿತಿಯಲ್ಲಿ, ಪೂರ್ತಿ ವೇಗ ಇಲ್ಲದೆ. ವಿಮಾನವಾಹಕ ಹಡಗಿಗೆ ವೇಗ ಕಡಿಮೆಯಾದರೆ ಡೆಕ್ ಮೇಲೆ ಎದುರುಗಾಳಿ ಕಡಿಮೆ, ವಿಮಾನ ಏರುವುದೂ ಕಷ್ಟ. ಕೆಳಗೆ ಸೆಕೆಯಲ್ಲಿ ನಿಂತವರಿಗೆ ಮೇಲಿನ ಯುದ್ಧ ಕಾಣುತ್ತಿರಲಿಲ್ಲ, ಬಾಯ್ಲರ್ ಸದ್ದೇ ಅವರ ಪಾಲಿನ ಯುದ್ಧ. ಇದನ್ನು ಜಗಲಿ ಮೇಲೆ ಕೂರಿಸಿ ಕೇಳಿದ್ದರೆ ಅವರು ಹೇಳುತ್ತಲೇ ಇರಲಿಲ್ಲ ಅಂತ ನನಗೆ ಖಾತ್ರಿ.

ಮಾತು ಶುರುವಾದ ಮೇಲೆ ಟ್ರಂಕು ತೆಗೆಸಿ. ಮೆಡಲ್‌ಗಳನ್ನು ಹಿತ್ತಾಳೆ ಪಾತ್ರೆ ಥರ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಲು ಯಾರನ್ನೂ ಬಿಡಬೇಡಿ. ಅಂಚಿನಲ್ಲೋ ಹಿಂಬದಿಯಲ್ಲೋ ಸಾಮಾನ್ಯವಾಗಿ ನಂಬರು, ಹೆಸರು ಕೊರೆದಿರುತ್ತದೆ, ಉಜ್ಜಿದರೆ ಅದು ಸವೆದುಹೋಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಎರಡೂ ಬದಿ ಫೋಟೋ ತೆಗೆಯಿರಿ. 1971ರಲ್ಲಿ ಪೂರ್ವದ ಕಡೆ ಇದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದ ಕಡೆ ಇದ್ದವರಿಗೆ ಪಶ್ಚಿಮಿ ಸ್ಟಾರ್ ಕೊಟ್ಟರು. ಈ ಒಂದು ವಿಷಯ ನಿಮಗೆ ತುಂಬಾ ಗೊಂದಲ ತಪ್ಪಿಸುತ್ತದೆ, ಮುಂದೆ ಹೇಳುತ್ತೇನೆ.

ಡಿಸ್ಚಾರ್ಜ್ ಬುಕ್, ಪೆನ್ಷನ್ ಆರ್ಡರ್, ಹಳೇ ಕವರ್‌ಗಳು, ಎಲ್ಲದರ ಫೋಟೋ ಬೇಕು. ಕವರ್ ಮೇಲಿನ ವಿಳಾಸದಲ್ಲಿ ಯಾವಾಗ ಯಾವ ಹಡಗಿನಲ್ಲಿದ್ದರು ಅನ್ನುವುದು ಸಿಗುತ್ತದೆ, ಮುದ್ರೆಯಲ್ಲಿ ತಾರೀಖು ಸಿಗುತ್ತದೆ. 1973ರ ನವೆಂಬರ್ 1ಕ್ಕಿಂತ ಹಿಂದಿನ ಕಾಗದಗಳಲ್ಲಿ ಊರಿನ ಮುಂದೆ 'ಮೈಸೂರು ರಾಜ್ಯ' ಅಂತಿರುತ್ತದೆ, ಗಾಬರಿಯಾಗಬೇಡಿ. ಸರ್ವಿಸ್ ನಂಬರ್ ಒಂದು ಸಿಕ್ಕಿದರೆ ಸಾಕು. ಕಾಗದ ಕಳೆದಿದ್ದರೆ ಅವರನ್ನೇ ಕರೆದುಕೊಂಡು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ. ನಾವಿಕರ ದಾಖಲೆಗಳು ಇರುವುದು ಮುಂಬೈನ ಮಾನ್‌ಖುರ್ದ್‌ನಲ್ಲಿರುವ ಬ್ಯೂರೋ ಆಫ್ ಸೇಲರ್ಸ್‌ನಲ್ಲಿ. ಅಲ್ಲಿಗೆ ಹೇಗೆ ಬರೆಯಬೇಕು ಅಂತ ಜಿಲ್ಲಾ ಕಚೇರಿಯಲ್ಲೇ ಕೇಳಿ.

ಗದ್ದೆಯ ಕಾಗದಗಳನ್ನು ಮರೆಯಬೇಡಿ. ಎಷ್ಟೋ ಜನ ಮೆಡಲ್ ಹಿಂದೆ ಬಿದ್ದು ಪಹಣಿಯನ್ನು ಮೂಸಿಯೂ ನೋಡುವುದಿಲ್ಲ. ಸಾಗುವಳಿ ಚೀಟಿ, ಪಹಣಿ, ಸೊಸೈಟಿ ಪಾಸ್‌ಬುಕ್, ಕಬ್ಬು ಹಾಕಿದ ಬಿಲ್ಲು, ಪಂಪ್‌ಸೆಟ್ ಸಾಲದ ರಸೀದಿ, ಇವೆಲ್ಲ ಬದುಕೇ ಅಲ್ವಾ? ಕೆಲವರಿಗೆ ಮಾಜಿ ಸೈನಿಕರ ಲೆಕ್ಕದಲ್ಲಿ ಸರ್ಕಾರದ ಜಮೀನು ಸಿಕ್ಕಿರುತ್ತದೆ, ಅದಕ್ಕೆ 1969ರ ಭೂಮಂಜೂರಾತಿ ನಿಯಮಗಳಲ್ಲೇ ಜಾಗ ಇದೆ. ಹಾಗಿದ್ದರೆ ಆ ಜಮೀನನ್ನು ಹಸನು ಮಾಡಿದ ಕಥೆ ಕೇಳಿ. ಹದಿನೈದು ವರ್ಷ ಹಡಗಿನಲ್ಲಿದ್ದವರು 35 ವರ್ಷ ಮಣ್ಣಿನಲ್ಲಿದ್ದಾರೆ, ಪುಟಗಳೂ ಆ ಲೆಕ್ಕದಲ್ಲೇ ಬರಲಿ ಅಂತ ನನ್ನ ಆಸೆ.

ಈಗ ಗೊಂದಲದ ವಿಷಯ. ದೊಡ್ಡಪ್ಪ ಕರಾಚಿ ಬಂದರು ಉರಿದದ್ದನ್ನು ಕಣ್ಣಾರೆ ಕಂಡವರ ಹಾಗೆ ಹೇಳುತ್ತಿದ್ದರು. ಆದರೆ ಟ್ರಂಕಿನಲ್ಲಿದ್ದದ್ದು ಪೂರ್ವಿ ಸ್ಟಾರ್. ಕರಾಚಿ ಮೇಲೆ ಕ್ಷಿಪಣಿ ದೋಣಿಗಳು ದಾಳಿ ಮಾಡಿದ್ದು ಡಿಸೆಂಬರ್ 4 ಮತ್ತು 8ರ ರಾತ್ರಿ. ಅದೇ ದಿನಗಳಲ್ಲಿ ವಿಕ್ರಾಂತ್ ಬಂಗಾಳ ಕೊಲ್ಲಿಯಲ್ಲಿತ್ತು, ಅದರ ವಿಮಾನಗಳು ಈಗಿನ ಬಾಂಗ್ಲಾದೇಶದ ಕಾಕ್ಸ್ ಬಜಾರ್, ಚಿತ್ತಗಾಂಗ್ ಕಡೆ ದಾಳಿ ಮಾಡುತ್ತಿದ್ದವು. ದೊಡ್ಡಪ್ಪ ಸುಳ್ಳು ಹೇಳಿರಲಿಲ್ಲ. ಕರಾಚಿ ಸುದ್ದಿಯನ್ನು ಅವತ್ತು ಹಡಗಿನಲ್ಲಿ ಕೇಳಿ ಎಲ್ಲರೂ ಕುಣಿದಿದ್ದರು, 50 ವರ್ಷದಲ್ಲಿ ಕೇಳಿದ್ದು ಕಂಡದ್ದೇ ಆಗಿಹೋಗಿತ್ತು. ಇಂಥ ಕಡೆ ಅವರನ್ನು ಎಲ್ಲರೆದುರು ತಿದ್ದಬೇಡಿ. ಅವರು ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ, ತಾರೀಖನ್ನು ಪಕ್ಕದಲ್ಲಿ ಬೇರೆ ಬಣ್ಣದ ಪೆನ್ನಿನಲ್ಲಿ ಹಾಕಿ. ಇನ್ನೊಂದು ದಿನ "ದೊಡ್ಡಪ್ಪ, ಈ ಸುದ್ದಿ ನಿಮಗೆ ಹೇಗೆ ಗೊತ್ತಾಯ್ತು?" ಅಂತ ಕೇಳಿ. ತಾವೇ ಸರಿ ಮಾಡಿಕೊಳ್ಳುತ್ತಾರೆ.

ಇಸವಿ ನೆನಪಿಲ್ಲದಿದ್ದರೆ ಊರಿನ ಲೆಕ್ಕದಲ್ಲಿ ಕೇಳಿ. ಅಕ್ಕನ ಮದುವೆಗೆ ಮುಂಚೆಯಾ ಆಮೇಲಾ, ಕರೆಂಟು ಬಂದಿತ್ತಾ, ಆರಿದ್ರಾ ಮಳೆ ಹೊತ್ತಿಗಾ ಹಸ್ತದ ಮಳೆ ಹೊತ್ತಿಗಾ. ರಜೆಗೆ ಬಂದ ತಿಂಗಳನ್ನು ನಮ್ಮ ದೊಡ್ಡಪ್ಪ ಭತ್ತದ ನಾಟಿ ನೆನಪಿನಿಂದಲೇ ಹಿಡಿದರು.

ಎಲ್ಲರೂ ಬಿಟ್ಟುಬಿಡುವ ಕೆಲಸ ಒಂದಿದೆ: ಮನೆಯ ಹೆಂಗಸರನ್ನು ಕೇಳುವುದು. ದೊಡ್ಡಮ್ಮನನ್ನು ಬೇರೆಯಾಗಿ, ದೊಡ್ಡಪ್ಪ ಇಲ್ಲದ ಹೊತ್ತಿನಲ್ಲಿ, ಅವರೆಕಾಯಿ ಸುಲಿಯುತ್ತಾ ಮಾತಾಡಿಸಿದೆ. ಗಂಡ ಹಡಗಿನಲ್ಲಿದ್ದಾಗ ಆ ಎರಡು ಎಕರೆ ಮಾಡಿಸಿದ್ದು, ಆಳುಗಳ ಹತ್ತಿರ ಮಾತು ಕೇಳಿದ್ದು, ರಾತ್ರಿ ನೀರಿಗೆ ಮೈದುನನನ್ನು ಕಾಡಿ ಕಳಿಸಿದ್ದು ಎಲ್ಲ ಅವರೇ. ಮನಿಯಾರ್ಡರ್ ಬಂದರೆ ಬದುಕಿದ್ದಾರೆ ಅಂತ ಅರ್ಥ. ಆ ಡಿಸೆಂಬರ್‌ನಲ್ಲಿ ಕಾಗದವೂ ಇಲ್ಲ, ದುಡ್ಡೂ ಇಲ್ಲ. ಶ್ಯಾನುಭೋಗರ ಮನೆಯ ರೇಡಿಯೋ ಮುಂದೆ ಬಾಗಿಲ ಹೊರಗೆ ನಿಂತು ವಾರ್ತೆ ಕೇಳುತ್ತಿದ್ದರಂತೆ, ಹಡಗಿನ ಹೆಸರು ಬಂದರೆ ಎದೆ ಹೊಡೆದುಕೊಳ್ಳುತ್ತಿತ್ತಂತೆ. ಇದನ್ನು ದೊಡ್ಡಪ್ಪನೇ ಮೊದಲ ಸಲ ಕೇಳಿದ್ದು ನಾನು ಬರೆದದ್ದನ್ನು ಓದಿದಾಗ.

ಸಾವಿನ ಮಾತು ಬಂದಾಗ ಅವಸರ ಬೇಡ. ಡಿಸೆಂಬರ್ 9ರ ರಾತ್ರಿ ದಿಯು ಕಡಲಿನಾಚೆ ಐಎನ್‌ಎಸ್ ಖುಕ್ರಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು, ಕ್ಯಾಪ್ಟನ್ ಮಹೇಂದ್ರ ನಾಥ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಲೋನಾವಳದಲ್ಲಿ ದೊಡ್ಡಪ್ಪನ ಜೊತೆ ಟ್ರೈನಿಂಗ್ ಮಾಡಿದ ಹುಡುಗನೊಬ್ಬ ಅದರಲ್ಲಿದ್ದ. ಅವನ ಹೆಸರು ಹೇಳಿ ದೊಡ್ಡಪ್ಪ ನಿಲ್ಲಿಸಿದರು. ನಾನು ರೆಕಾರ್ಡಿಂಗ್ ಆಫ್ ಮಾಡಿ ಪಕ್ಕದಲ್ಲೇ ಕೂತೆ. ನೀವೂ ಹಾಗೇ ಮಾಡಿ. ಎದ್ದು ಹೋಗಬೇಡಿ, ಸಮಾಧಾನ ಹೇಳಲೂ ಬೇಡಿ. ಬರೆಯಬೇಡ ಅಂದದ್ದನ್ನು ಬರೆಯಬೇಡಿ.

ರೆಕಾರ್ಡಿಂಗ್‌ಗೆ ಮೊಬೈಲ್ ಸಾಕು. ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಿಚಿದ ಟವೆಲ್ ಮೇಲೆ ಅವರ ಹತ್ತಿರ ಇಡಿ. ಟಿವಿ, ಮಿಕ್ಸಿ ಆಫ್ ಇರಲಿ. ಎಂಜಿನ್ ರೂಮಿನಲ್ಲಿ ಕೆಲಸ ಮಾಡಿದವರಿಗೆ ಕಿವಿ ಮಂದವಾಗಿರುವುದು ಜಾಸ್ತಿ, ಯಾವ ಕಿವಿ ಚೆನ್ನಾಗಿ ಕೇಳುತ್ತದೋ ಆ ಕಡೆ ಕೂತು ನಿಧಾನವಾಗಿ ಮಾತಾಡಿ. ಮುಕ್ಕಾಲು ಗಂಟೆಗಿಂತ ಎಳೆಯಬೇಡಿ. ಅವತ್ತೇ ಫೈಲಿಗೆ ತಾರೀಖು ಹಾಕಿ ಇನ್ನೆರಡು ಕಡೆ ಕಾಪಿ ಇಡಿ. ನನ್ನದೊಂದು ಫೋನ್ ನಾಲೆಗೆ ಬಿದ್ದು ಮೂರು ಸಂಜೆಯ ಮಾತು ಹೋಯಿತು, ಅದೇ ಮಾತು ಮತ್ತೆ ಅದೇ ಥರ ಬರಲಿಲ್ಲ.

ಮಾತು ನಿಂತುಹೋದರೆ ಚಿತ್ರ ತೋರಿಸಿ. ಹಳೇ ವಿಕ್ರಾಂತ್ ಈಗಿಲ್ಲ, 1997ರಲ್ಲಿ ಸೇವೆ ಮುಗಿಸಿತು, 2014ರಲ್ಲಿ ಒಡೆಯಲು ಶುರು ಮಾಡಿದರು. ಆದರೆ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಅನ್ನುವ ಹಳೇ ಯುದ್ಧನೌಕೆ ಇದೆ, ವಿಶಾಖಪಟ್ಟಣದಲ್ಲಿ ಕುರ್ಸುರಾ ಜಲಾಂತರ್ಗಾಮಿ ಇದೆ. ಮೈಯಲ್ಲಿ ಶಕ್ತಿ ಇದ್ದರೆ ಒಮ್ಮೆ ಕರೆದುಕೊಂಡು ಹೋಗಿ. ಕಾರವಾರದಲ್ಲಿ ದೊಡ್ಡಪ್ಪ ಪೈಪು, ವಾಲ್ವುಗಳನ್ನು ಮುಟ್ಟಿ ಮುಟ್ಟಿ ನೋಡಿದರು, ಅವತ್ತು ಸಂಜೆ ಬಸ್ಸಿನಲ್ಲಿ ಹೇಳಿದ್ದೇ ಹತ್ತು ಪುಟ ಆಯಿತು.

ಬರೆಯುವಾಗ ಅವರ ಮಾತನ್ನು ಪುಸ್ತಕದ ಕನ್ನಡ ಮಾಡಬೇಡಿ. 'ನಾಕು' ಅಂದದ್ದು 'ನಾಕು' ಅಂತಲೇ ಇರಲಿ, 'ವಾಚು' ಅಂದದ್ದು 'ವಾಚು'. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ, ಮೊದಲು ಅವರಿಗೇ ಓದಿ ಹೇಳಿ, ಪ್ರತಿ ಅಧ್ಯಾಯದ ಕೊನೆಗೆ ಎರಡು ಖಾಲಿ ಹಾಳೆ ಬಿಡಿ. ನಮ್ಮ ದೊಡ್ಡಪ್ಪ ಆ ಹಾಳೆಗಳನ್ನು ತುಂಬಿಸಿ, ಇನ್ನೂ ನಾಲ್ಕು ಬೇಕು ಅಂತ ಹೇಳಿ ಕಳಿಸಿದ್ದಾರೆ.