ಮಸ್ಟ್, ಹ್ಯಾವ್ ಟು, ಶುಡ್: ಯಾವ ‘ಬೇಕು’ ಎಲ್ಲಿಗೆ?

ಕಲಬುರಗಿಯಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಪಾಠ ಹೇಳುತ್ತೇನೆ. ಹೋದ ಬೇಸಿಗೆಯಲ್ಲಿ ಒಬ್ಬ ಹುಡುಗ ಆಫೀಸಿನ ಸಾಹೇಬರಿಗೆ ಬರೆದ ಮೆಸೇಜ್ ತೋರಿಸಿದ: ‘ಸರ್, ಯು ಮಸ್ಟ್ ನಾಟ್ ಕಮ್ ಟುಮಾರೋ.’ ಇಷ್ಟು ಬಿಸಿಲಲ್ಲಿ ಸಾಹೇಬರು ಸುಮ್ನೆ ಬರೋದು ಬೇಡ, ಕೆಲಸ ನಾನೇ ಮುಗಿಸುತ್ತೇನೆ ಅನ್ನೋದು ಅವನ ಮನಸ್ಸು. ಬರೆದದ್ದು ಮಾತ್ರ ‘ನಾಳೆ ನೀವು ಬರಕೂಡದು’ ಅಂತ. ಕಳಿಸುವ ಮುಂಚೆ ತೋರಿಸಿದ, ಪುಣ್ಯ.

ಮೊದಲು ವಾಕ್ಯವನ್ನು ಕನ್ನಡದಲ್ಲೇ ಹೇಳಿಕೊಳ್ಳಿ. ‘ಬೇಕು’ ಅಂತ ಒತ್ತಾಯ ಮಾಡುತ್ತಿರೋದು ಯಾರು ನೋಡಿ. ಮನೆಗೆ ಬಂದ ಗೆಳೆಯನಿಗೆ ‘ರೊಟ್ಟಿ ಉಂಡೇ ಹೋಗಬೇಕು’ ಅಂದರೆ ಒತ್ತಾಯ ನಿಮ್ಮದು, ಅಲ್ಲಿ ಮಸ್ಟ್. ‘ಬೀದರ್ ಬಸ್ಸು ಬೇಗ ಇದೆ, ಐದಕ್ಕೇ ಏಳಬೇಕು’ ಅಂದರೆ ನಿಮ್ಮನ್ನು ಎಬ್ಬಿಸುತ್ತಿರೋದು ಬಸ್ಸು, ಅಲ್ಲಿ ಹ್ಯಾವ್ ಟು. ಅನುಮಾನ ಬಂದರೆ ಹ್ಯಾವ್ ಟು ಹಾಕಿ, ಈಗಿನ ಮಾತಿನಲ್ಲಿ ಅದೇ ಜಾಸ್ತಿ. ಮಸ್ಟ್ ಮುಂದೆ ‘ಟು’ ಬರೋದಿಲ್ಲ.

ಬರೀ ಸಲಹೆ ಆದರೆ ಶುಡ್. ಆಟ್ ಟು (ought to) ಕೂಡ ಹೆಚ್ಚುಕಡಿಮೆ ಅದೇ. ಓದುವಾಗ ಗೊತ್ತಾದರೆ ಸಾಕು, ನೀವು ಬಳಸಬೇಡಿ.

ಈಗ ಎಲ್ಲರೂ ಎಡವುವ ಜಾಗ: ನಾಟ್. ಮಸ್ಟ್, ಹ್ಯಾವ್ ಟು ಎರಡೂ ಅಕ್ಕಪಕ್ಕದ ಮನೆಯವು, ಆದರೆ ‘ಇಲ್ಲ’ ಸೇರಿದ ಕೂಡಲೇ ಒಂದು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ. ಮಸ್ಟ್ ನಾಟ್ ಅಂದರೆ ‘ಬಾರದು’. ಡೋಂಟ್ ಹ್ಯಾವ್ ಟು ಅಂದರೆ ‘ಬೇಕಾಗಿಲ್ಲ’. ‘ಈ ಮಾತ್ರೆ ಖಾಲಿ ಹೊಟ್ಟೆಯಲ್ಲಿ ತಗೋಬಾರದು’, ‘ನೋವಿಲ್ಲದಿದ್ದರೆ ತಗೋಬೇಕಾಗಿಲ್ಲ’, ಇವೆರಡನ್ನು ಕನ್ನಡದಲ್ಲಿ ನಾವ್ಯಾರೂ ಅದಲುಬದಲು ಮಾಡೋದಿಲ್ಲ, ಅಲ್ವಾ? ಹಾಗಾಗಿ ನಿಮ್ಮ ಕನ್ನಡವನ್ನೇ ನಂಬಿ. ವಾಕ್ಯದ ಕೊನೆಗೆ ‘ಬೇಕಂದರೆ ಮಾಡಬಹುದು’ ಅಂತ ಸೇರಿಸಿ ನೋಡಿ. ‘ಸರ್, ನೀವು ಬರಬೇಕಾಗಿಲ್ಲ, ಬೇಕಂದರೆ ಬರಬಹುದು.’ ಹೊಂದಿತು, ಆದ್ದರಿಂದ ಡೋಂಟ್ ಹ್ಯಾವ್ ಟು. ‘ಬರಬಾರದು, ಬೇಕಂದರೆ ಬರಬಹುದು’ ಹೊಂದುವುದಿಲ್ಲ, ಅಲ್ಲಿ ಮಸ್ಟ್ ನಾಟ್. ನಮ್ಮ ಹುಡುಗ ಹೀಗೆ ನೋಡಿಕೊಂಡೇ ಮೆಸೇಜ್ ತಿದ್ದಿದ.

30 ದಿನದಲ್ಲಿ ಇಂಗ್ಲಿಷ್ ಕಲಿಸುವ ತೆಳು ಪುಸ್ತಕಗಳಿಗೆ ದುಡ್ಡು ಹಾಕಬೇಡಿ. ನಾನು ನೋಡಿದವುಗಳಲ್ಲಿ ‘ಮಸ್ಟ್ ಎಂದರೆ ಲೇಬೇಕು’ ಅಂತ ಒಂದು ಸಾಲಿರುತ್ತದೆ, ನಾಟ್ ಸೇರಿದರೆ ಏನಾಗುತ್ತದೆ ಅನ್ನೋದೇ ಇರೋದಿಲ್ಲ.

ಕೊನೆಗೆ ಭೂತಕಾಲ. ಆದದ್ದನ್ನು ಹೇಳಲು ಮಸ್ಟ್ ಬರೋದಿಲ್ಲ. ‘ಶರಣಬಸವೇಶ್ವರ ಜಾತ್ರೆಗೆ ಹೋಗಬೇಕಾಯಿತು’ ಅಂದರೆ ಹೋಗಿ ಬಂದಿದ್ದೀರಿ, ಹ್ಯಾಡ್ ಟು ಗೋ. ‘ಹೋಗಬೇಕಿತ್ತು, ಹೋಗಲಿಲ್ಲ’ ಅಂತ ಮರುಗುವಾಗ ಶುಡ್ ಹ್ಯಾವ್ ಗಾನ್. ಮಸ್ಟ್ ಹ್ಯಾವ್ ಗಾನ್ ಅಂದರೆ ಬರೀ ಊಹೆ: ಮನೆಗೆ ಬೀಗ ಬಿದ್ದಿದೆ, ಜಾತ್ರೆಗೆ ಹೋಗಿರಬೇಕು.